ನೀಲಿ ಗೌನಿನವಳು ಬಾರದ ಎರಡನೇ ಭಾಗ

ಸಾಗರ
೧೮-೧೧-೧೯೮೫

ಬೆಳ್ಳಪ್ಪಣ್ಣನಿಗೆ ಹೂವಯ್ಯನ ನಮಸ್ಕಾರ.

ಎರಡೂವರೆ ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸಿ, ಆಮೇಲೆ ಮುಂದೆ ಓದಿ. ನಮ್ಮ ಟೂರಿಂಗ್ ಟೆಂಟು ಎತ್ತಿದ ಮೇಲೆ ನೀವು ಕೆರಿಯಕ್ಕನನ್ನು ಕರೆದುಕೊಂಡು ಅವರ ತವರು ನಿಟ್ಟೂರಿಗೆ ಹೋದಿರಿ. ನಾನು ಇಲ್ಲಿ ಸಾಗರದ ಟಾಕೀಸಿನಲ್ಲಿ ಆಪರೇಟರ್ ಆಗಿ ಸೇರಿಕೊಂಡೆ. ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದು ದಿನ ಹೋಗಿಬಿಟ್ಟಿತು.

ಈಗ ಬರೆಯಲು ಕಾರಣ ಉಂಟು. ನಿಂತಿದ್ದರೆ ಕೂತುಕೊಳ್ಳಿ. ‘ಎದ್ದು ಬಂದ ಹೆಣಗಳು’ ಎರಡನೇ ಭಾಗ ಬರುತ್ತಿದೆ! ಇಂಗ್ಲಿಷಿನಲ್ಲಿ ಅದರ ಹೆಸರು ಬೇರೆ ಎಂಥದೋ ಇದೆ. ಆದರೆ ಮೊದಲನೆಯದಕ್ಕೆ ನೀವು ಇಟ್ಟ ಹೆಸರೇ ಈ ಸೀಮೆಯಲ್ಲೆಲ್ಲ ನಿಂತುಹೋಗಿದೆಯಲ್ಲ, ನಮ್ಮ ಮ್ಯಾನೇಜರು ರಾಮಚಂದ್ರಪ್ಪನವರು ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ ಪೋಸ್ಟರಿನ ಮೇಲೆ ಅಂಟಿಸಿದ್ದಾರೆ. ಡಿಸೆಂಬರ್ ಒಂದು, ಭಾನುವಾರ, ಮಾರ್ನಿಂಗ್ ಶೋ.

ಪೋಸ್ಟರು ನೋಡಿದ ಕೂಡಲೇ ನನಗೆ ಎಪ್ಪತ್ತೊಂಬತ್ತರ ಬೇಸಗೆ, ಹೊಸನಗರದ ಗದ್ದೆಬಯಲಿನಲ್ಲಿ ಹಾಕಿದ್ದ ನಮ್ಮ ಟೆಂಟು ನೆನಪಾಯಿತು. ಚಿತ್ರ ಇಂಗ್ಲಿಷು, ನೋಡುವವರಿಗೆ ಒಂದಕ್ಷರ ತಿಳಿಯದು. ನೀವು ಪರದೆಯ ಪಕ್ಕ ಮೈಕು ಹಿಡಿದು ನಿಂತು ಕನ್ನಡದಲ್ಲಿ ಕಥೆ ಹೇಳಬೇಕು, ಹೆಂಗಸರ ಮಾತು ಬಂದಾಗ ಕೆರಿಯಕ್ಕ ಹೇಳಬೇಕು. ನಿಮ್ಮ ಟಾರ್ಚು ಮೇಲೆದ್ದರೆ ನಾನು ಮೆಷಿನ್ನಿನ ಸೌಂಡು ಇಳಿಸಬೇಕು. ಸ್ಮಶಾನದಿಂದ ಹೆಣಗಳು ಸಾಲಾಗಿ ಎದ್ದು ಊರ ಕಡೆ ನಡೆದು ಬಂದಾಗ ಜನ ಕಿರುಚಿ ಕೂತಿದ್ದ ಮರಳಿನಿಂದ ಎದ್ದೇಬಿಟ್ಟರು. ಆಗ ನೀವು, “ಹೆದರ್ಬೇಡಿ ಮಾರಾಯ್ರೆ, ಇವೆಲ್ಲ ಆ ಊರಿನ ಹಿರಿಯರೇ. ದೊರೆಗಳ ದೇಶದಲ್ಲಿ ಸತ್ತವರಿಗೆ ಎಡೆ ಇಡೋ ಪದ್ಧತಿ ಇಲ್ಲ. ಹಸ್ದು ಬಂದಾವೆ” ಅಂದಿರಿ. ಇಡೀ ಟೆಂಟು “ಅಯ್ಯೋ ಪಾಪ” ಅಂತ ಕೂತುಬಿಟ್ಟಿತು! ಮಾರನೆಯ ದಿನ ಯಾರೋ ಪರದೆಯ ಬುಡದಲ್ಲಿ ಬಾಳೆಲೆ ಹಾಕಿ ಕಡುಬು, ಮೀನು ಸಾರು ಎಡೆ ಇಟ್ಟು ಹೋಗಿದ್ದರು. ಅದನ್ನು ತಿಂದದ್ದು ನಾನು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ಮತ್ತೆ ಆ ನೀಲಿ ಗೌನಿನವಳು. ಹೆಣಗಳ ಸಾಲು ಬಿಟ್ಟು ಒಬ್ಬಳೇ ಒಂದು ಮನೆಯ ಕಿಟಕಿಯಲ್ಲಿ ಇಣುಕುತ್ತಿದ್ದಳಲ್ಲ, ಅವಳಿಗೆ ಕೆರಿಯಕ್ಕ ದನಿ ಕೊಟ್ಟರು: “ಒಲೆ ಹಚ್ಚಿದ್ರಾ? ಮಕ್ಳು ಉಂಡ್ವಾ?” ಕೊನೆಗೆ ಅವಳು ತಿರುಗಿ ಕಾಡಿನ ದಾರಿ ಹಿಡಿಯುವಾಗ, “ಇನ್ನೊಂದ್ಸಲ ಬರ್ತೀನಿ, ದೀಪ ಆರಿಸ್ಬೇಡಿ” ಅಂದರು. ಹೆಂಗಸರ ಕಡೆ ಮೂಗು ಒರೆಸುವ ಸದ್ದು ನನ್ನ ಮೆಷಿನ್ನಿನ ಸದ್ದಿಗಿಂತ ಜೋರಾಗಿತ್ತು. ಅವಳು ಮತ್ತೆ ಬರುವುದನ್ನು ನೋಡಲಿಕ್ಕೇ ಈಗ ಜನ ಕಾಯುತ್ತಿದ್ದಾರೆ.

ಇಬ್ಬರೂ ಬನ್ನಿ. ಮೈಕು ನಾನು ಹೊಂದಿಸುತ್ತೇನೆ. ಕೆರಿಯಕ್ಕನಿಗೆ ನನ್ನ ನಮಸ್ಕಾರ ಹೇಳಿ.

ಇಂತು ನಿಮ್ಮ,
ಹೂವಯ್ಯ


ನಿಟ್ಟೂರು
೨೬-೧೧-೧೯೮೫

ಹೂವಯ್ಯನಿಗೆ ಬೆಳ್ಳಪ್ಪನ ನಮಸ್ಕಾರ.

ಕ್ಷೇಮ ಗೀಮ ಎಲ್ಲ ಬರೆದಿದ್ದೇನೆ ಎಂದು ತಿಳಿದುಕೋ, ಇನ್‌ಲ್ಯಾಂಡಿನಲ್ಲಿ ಜಾಗ ಕಡಿಮೆ. ಬೈದು ಮುಗಿಸಿ ಎಂದಿದ್ದೆಯಲ್ಲ, ಬೈದೆ. ಕಾಗದ ಕೊಡಲು ಬಂದ ಪೋಸ್ಟಿನ ಪುಟ್ಟಪ್ಪ ತನಗೇ ಬೈದೆ ಎಂದುಕೊಂಡು ಸೈಕಲ್ ಹತ್ತಿ ಓಡಿದ. ಎಡೆ ಕದ್ದು ತಿಂದದ್ದು ನೀನು ಎಂದು ನನಗೆ ಆಗಲೇ ಗೊತ್ತಿತ್ತು. ನಿನ್ನ ಬನಿಯನ್ನಿನ ಮೇಲೆ ಮೀನಿನ ಸಾರಿತ್ತು.

ನಾನೀಗ ಇಲ್ಲಿನ ಸೊಸೈಟಿ ಅಂಗಡಿಯಲ್ಲಿ ಅಕ್ಕಿ ಸಕ್ಕರೆ ತೂಗುತ್ತೇನೆ. ಮೈಕು ಬೇಡದ ಕೆಲಸ. “ಚೀಲ ಹಿಡಿ” ಎಂದರೆ ದಿನದ ಮಾತು ಮುಗಿಯಿತು. ಮೂರು ತಾಲೂಕಿನ ಜನರನ್ನು ಬಾಯಿಮಾತಿನಲ್ಲೇ ಅಳಿಸಿ ನಗಿಸಿದವನು ನಾನೇ ಎಂದು ಇಲ್ಲಿನ ಮಕ್ಕಳಿಗೆ ಹೇಳಿದರೆ ಹಲ್ಲು ಕಿರಿಯುತ್ತವೆ.

ಬರುವ ಮಾತು ಬಿಡು. ಕೆರಿಯಮ್ಮನಿಗೆ ಬರಲು ಆಗುವುದಿಲ್ಲ. ಅವಳನ್ನು ಬಿಟ್ಟು ನಾನೊಬ್ಬನೇ ಬಂದು ಮಾಡುವುದಾದರೂ ಏನು? ಗಂಡಸು ಹೆಂಗಸು ಎರಡೂ ದನಿ ನಾನೇ ತೆಗೆದರೆ ಜನ ಕಲ್ಲು ಬೀರುತ್ತಾರೆ.

ನನಗೆ ಒಂದು ಉಪಕಾರ ಮಾಡು. ಚಿತ್ರ ನೋಡು, ನೋಡಿ ಬರೆ. ಪೂರ್ತಿ ಕಥೆ ನನಗೆ ಬೇಕಿಲ್ಲ. ಆ ನೀಲಿ ಗೌನಿನವಳು ಬರುತ್ತಾಳಾ, ಬಂದರೆ ಮನೆಯೊಳಗೆ ಹೋಗುತ್ತಾಳಾ, ಅಷ್ಟೇ ಬರೆ. ಮರೆಯಬೇಡ.

ಇಂತು,
ಬೆಳ್ಳಪ್ಪ


ಸಾಗರ
೩-೧೨-೧೯೮೫

ಬೆಳ್ಳಪ್ಪಣ್ಣನಿಗೆ ನಮಸ್ಕಾರ.

ಹಾಳು ಚಿತ್ರ. ಹಾಳು ಅಂದರೆ ಹಾಳು!

ಎಲ್ಲಿಂದ ಶುರು ಮಾಡಲಿ? ಮೊದಲನೆಯದರಲ್ಲಿ ಹೆಣಗಳು ಎಷ್ಟು ನಿಧಾನವಾಗಿ ನಡೆದು ಬರುತ್ತಿದ್ದವು. ಬರುತ್ತಿದೆ, ಬರುತ್ತಿದೆ ಎಂದು ಎದೆ ಡವಗುಟ್ಟುತ್ತಿತ್ತು. ಇದರಲ್ಲಿ ಎಲ್ಲವೂ ಓಡುತ್ತವೆ, ಕೊನೇ ಬಸ್ಸಿನ ಹಿಂದೆ ಓಡುವವರ ಹಾಗೆ. ಮೊದಲನೆಯದರಲ್ಲಿ ಇವನು ಅಂಚೆಯವನು, ಇವಳು ಹಾಲು ಹಾಕುವವಳು ಎಂದು ಬಟ್ಟೆ ನೋಡಿ ಹೇಳಬಹುದಿತ್ತು. ಇದರಲ್ಲಿ ಯಾವ ಹೆಣಕ್ಕೂ ಮುಖವಿಲ್ಲ, ಎಲ್ಲಕ್ಕೂ ಒಂದೇ ಹಸಿರು ಬಣ್ಣ ಮೆತ್ತಿದ್ದಾರೆ. ಹೆಲಿಕಾಪ್ಟರು ಬರುತ್ತದೆ, ಮಿಲಿಟರಿಯವರು ಬರುತ್ತಾರೆ, ಇಂಟರ್ವಲ್ ಆದ ಮೇಲೆ ಬರೀ ಗುಂಡು. ಒಬ್ಬ ಗಡ್ಡದವನು ಬಾಟಲಿ ಹಿಡಿದು ಮಾತಾಡುತ್ತಾನೆ, ಮಾತಾಡುತ್ತಾನೆ, ಮುಗಿಸುವುದೇ ಇಲ್ಲ. ಇಲ್ಲಿಯ ಕಾಲೇಜು ಮೇಷ್ಟ್ರು ಹೇಳಿದರು, ಹೆಣ ಏಳುವುದು ಯಾವುದೋ ಫ್ಯಾಕ್ಟರಿಯ ವಿಷದ ಪುಡಿಯಿಂದಂತೆ, ಮೊದಲ ಭಾಗದಲ್ಲೂ ಅದೇ ಇತ್ತಂತೆ. ನನಗೆ ಕೋಪ ಬಂತು. ಎಡೆ ಇಡದ ಕಾರಣ ಎಷ್ಟು ಚೆನ್ನಾಗಿತ್ತು!

ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ. ಅವಳು ಬರಲಿಲ್ಲ. ಅವಳ ಮನೆಯೂ ಇಲ್ಲ. ಇಡೀ ಚಿತ್ರದಲ್ಲಿ ಒಂದು ಮನೆ ಇಲ್ಲ, ಒಂದು ಒಲೆ ಕಾಣಲಿಲ್ಲ.

ಹೊಸನಗರದಿಂದ ಬೆಳಗಿನ ಬಸ್ಸಿಗೆ ಒಂದು ಗುಂಪು ಬಂದಿತ್ತು. ಖಾನಾವಳಿ ವೆಂಕಮ್ಮ ನೆನಪಿದ್ದಾರಲ್ಲ, ನಮಗೆ ಟೆಂಟಿಗೆ ಊಟ ಕಳಿಸುತ್ತಿದ್ದವರು, ಅವರೇ ಮುಂದಾಳು. ಚಿತ್ರ ಮುಗಿದದ್ದೇ ಸೀರೆ ಎತ್ತಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ನನ್ನ ಕೋಣೆಗೇ ಬಂದರು. “ಹೂವಯ್ಯಾ, ಅವ್ಳು ಬರೋ ರೀಲು ಎಲ್ಲಿಟ್ಟಿದೀಯ, ತೆಗಿ. ಬರ್ತೀನಿ ಅಂದೋಳು ಬರ್ದೇ ಇರ್ತಾಳಾ? ನೀವೇ ರೀಲು ಕದ್ದಿದೀರಿ” ಅಂತ ಡಬ್ಬಿಗಳನ್ನೆಲ್ಲ ತಡಕಿದರು. ಇಲ್ಲ ಎಂದು ಆಣೆ ಹಾಕಿದರೂ ನಂಬಲಿಲ್ಲ. ಆಮೇಲೆ, “ಹೋಗ್ಲಿ, ಕೆರಿಯಕ್ಕ ಚೆನ್ನಾಗಿದಾರಾ? ಅವರಿದ್ದಿದ್ರೆ ಹೀಂಗಾಗ್ತಿರ್ಲಿಲ್ಲ” ಅಂದರು. ಚೆನ್ನಾಗಿದ್ದಾರೆ ಎಂದೆ.

ಪ್ರಿಂಟು ಈಗ ತೀರ್ಥಹಳ್ಳಿ ಕಡೆ ಹೋಗಿದೆ. ಫೆಬ್ರವರಿ ಹದಿನಾರರ ಭಾನುವಾರ ಮತ್ತೆ ನಮ್ಮಲ್ಲಿಗೆ ಬರುತ್ತದೆ. ನೀವಿಬ್ಬರು ಬಂದು ಹೇಳುವುದಾದರೆ ಟಾಕೀಸು ತುಂಬುತ್ತದೆ ಎಂದು ರಾಮಚಂದ್ರಪ್ಪನವರು ನನ್ನ ತಲೆ ತಿನ್ನುತ್ತಿದ್ದಾರೆ. ಅವಳು ಇಲ್ಲದಿದ್ದರೇನು? ಓಡುವ ಹೆಣಗಳಲ್ಲಿ ಒಂದು ಹೆಂಗಸಿನ ಹೆಣ ತೋರಿಸಿ, ‘ಇವಳೇ ಅವಳು, ಗೌನು ಬದಲಾಯಿಸಿದ್ದಾಳೆ’ ಅಂದುಬಿಡಿ. ಕೆರಿಯಕ್ಕ ಎರಡು ಮಾತು ಆಡಿದರೆ ಜನ ನಂಬುತ್ತಾರೆ. ಅವರಿಗೇನು ತೊಂದರೆ, ಮಂಡಿನೋವೇ? ಮೆಟ್ಟಿಲಿಲ್ಲದ ಕಡೆ ಕುರ್ಚಿ ಹಾಕಿಸುತ್ತೇನೆ.

ಇಂತು ನಿಮ್ಮ,
ಹೂವಯ್ಯ


ಸಾಗರ
೬-೧-೧೯೮೬

ಬೆಳ್ಳಪ್ಪಣ್ಣನಿಗೆ,

ತಿಂಗಳು ಕಳೆಯಿತು, ನಿಮ್ಮ ಕಡೆಯಿಂದ ಸುದ್ದಿಯಿಲ್ಲ. ‘ಗೌನು ಬದಲಾಯಿಸಿದ್ದಾಳೆ ಅನ್ನಿ’ ಎಂದದ್ದಕ್ಕೆ ಸಿಟ್ಟೇ? ತಮಾಷೆಗೆ ಬರೆದೆ ಮಾರಾಯರೇ. ನಿಮಗೆ ಬರೆಯಲು ಬೇಸರವಾದರೆ ಕೆರಿಯಕ್ಕನ ಕೈಯಲ್ಲಾದರೂ ಎರಡು ಗೆರೆ ಬರೆಸಿ. ಅವರ ದುಂಡು ಅಕ್ಷರ ನೋಡಿ ಬಹಳ ಕಾಲವಾಯಿತು.

ಹೂವಯ್ಯ


ನಿಟ್ಟೂರು
೧೫-೧-೧೯೮೬

ಹೂವಯ್ಯನಿಗೆ,

ಸಿಟ್ಟಿಲ್ಲ. ನಿನ್ನ ಕಾರ್ಡು ಓದಿದ ಮೇಲೆ ಇನ್ನು ಮುಚ್ಚಿಡಲು ಆಗಲಿಲ್ಲ.

ಕೆರಿಯಮ್ಮ ಇಲ್ಲ. ಎಂಬತ್ತನಾಲ್ಕರ ಮಾರ್ಚಿನಲ್ಲಿ ತೀರಿಕೊಂಡಳು. ಕೊಟ್ಟಿಗೆಗೆ ಹಾಸುವ ಒಣ ದರಗೆಲೆ ಗುಡಿಸಿ ತರಲು ಕಾಡಿಗೆ ಹೋಗಿ ಬಂದವಳಿಗೆ ಮಂಗನ ಕಾಯಿಲೆ ಹತ್ತಿತು. ಜ್ವರ ಇಳಿದು ಎದ್ದು ಕೂತು ಗಂಜಿ ಕುಡಿದಳು. ಗೆದ್ದೆವು ಎಂದುಕೊಂಡೆ. ಮತ್ತೆ ಏರಿತು. ಆಮೇಲೆ ಅವಳಿಗೆ ಮಾತೇ ಹೋಯಿತು, ಹೂವಯ್ಯ. ಅವಳ ಕೊನೆಯ ಮಾತು ಏನೆಂದು ಯಾರಾದರೂ ಕೇಳಿದರೆ ನನಗೆ ಹೇಳಲು ಒಂದೂ ಇಲ್ಲ.

ನಿನಗೆ ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತೀಯೆ. ಕಾರ್ಡು ತಂದಿಟ್ಟಿದ್ದೆ. ಸಾವಿನ ಸುದ್ದಿ ಬರೆಯುವ ಕಾರ್ಡಿನ ಮೂಲೆ ಹರಿಯಬೇಕಲ್ಲ. ಅದಕ್ಕೆ ಕೈ ಬರಲಿಲ್ಲ. ನಾಳೆ ಎಂದು ಇಟ್ಟೆ. ಆ ಕಾರ್ಡಿನಲ್ಲಿ ಆಮೇಲೆ ಸೊಸೈಟಿಯವರು ಸಕ್ಕರೆ ಬಂದಿಲ್ಲ ಎಂದು ಶಿವಮೊಗ್ಗಕ್ಕೆ ಬರೆದರು.

ಇಲ್ಲಿನವರಿಗೆ ಎಲ್ಲ ಗೊತ್ತು. ಆದರೆ ನಾವು ಟೆಂಟು ಹಾಕಿದ ಊರುಗಳವರಿಗೆ ಗೊತ್ತಿಲ್ಲ. ಹೊಸನಗರದ ಕಡೆಯವರೋ ತೀರ್ಥಹಳ್ಳಿಯ ಕಡೆಯವರೋ ಬಸ್ಸಿನಲ್ಲಿ ಸಿಕ್ಕಿ, “ಕೆರಿಯಕ್ಕ ಹ್ಯಾಂಗಿದಾರೆ?” ಅನ್ನುತ್ತಾರೆ. “ಮನೇಲಿದಾಳೆ” ಅನ್ನುತ್ತೇನೆ. ಅವರು ನಗುತ್ತಾ ಇಳಿದು ಹೋಗುತ್ತಾರೆ. ಅವರ ಲೆಕ್ಕದಲ್ಲಿ ಅವಳು ಇನ್ನೂ ಒಲೆಯ ಮುಂದೆ ಕೂತಿದ್ದಾಳೆ. ಅಷ್ಟು ಊರುಗಳಲ್ಲಿ ಅವಳು ಬದುಕಿರುವಾಗ ನಾನೇ ಹೋಗಿ ಯಾಕೆ ಸಾಯಿಸಲಿ ಹೇಳು.

ಇನ್ನೊಂದು ಮಾತು. ‘ಇನ್ನೊಂದ್ಸಲ ಬರ್ತೀನಿ’ ಎಂದು ನಾನು ಹೇಳಿಕೊಟ್ಟದ್ದಲ್ಲ. ಚಿತ್ರದಲ್ಲಿ ಆ ಹೆಂಗಸು ಬಾಯಿಯನ್ನೇ ತೆರೆಯುವುದಿಲ್ಲ, ಮೊದಲ ದಿನವೇ ನೋಡಿದ್ದೆ. ಕೆರಿಯಮ್ಮ ನನ್ನ ಕೈಯಿಂದ ಮೈಕು ಕಿತ್ತುಕೊಂಡು ತಾನೇ ಹೇಳಿದಳು. ಚಿತ್ರ ಬಿಟ್ಟ ಮೇಲೆ, “ಎಂತಕ್ಕೆ ಹಾಂಗೆ ಅಂದೆ?” ಎಂದು ಜಗಳ ತೆಗೆದೆ. “ಮತ್ತೆ? ಮನೆ ಬಾಗ್ಲಿಗೆ ಬಂದೋಳನ್ನ ಸುಮ್ನೆ ಕಳ್ಸೋದಾ?” ಅಂದಳು. ಈಗ ಎರಡನೇ ಭಾಗ ಬರುತ್ತದೆ ಎಂದು ನೀನು ಬರೆದಾಗ ನನಗೆ ಏನನ್ನಿಸಿತೋ ನಾಚಿಕೆಯಾಗುತ್ತದೆ ಬರೆಯಲು. ಬಂದರೂ ಬಂದಾಳು ಎಂದುಕೊಂಡೆ. ಅವಳು ಬರಲಿಲ್ಲ ಎಂಬ ನಿನ್ನ ಕಾಗದ ಓದಿ ನನಗೆ ಅನ್ನ ಸೇರಲಿಲ್ಲ. ಅರವತ್ತು ಮುಟ್ಟಿದ ಗಂಡಸು, ಬಣ್ಣ ಮೆತ್ತಿಕೊಂಡ ಪರದೇಶದ ಹೆಣ ಬರಲಿಲ್ಲ ಅಂತ ಅಳುವುದುಂಟೇ? ಅಳಲಿಲ್ಲ ಬಿಡು. ಅವಳನ್ನು ಹೊತ್ತ ದಿನವೂ ನನಗೆ ಅಳು ಬಂದಿರಲಿಲ್ಲ. ಜನ ಕಲ್ಲುಗುಂಡಿಗೆಯವನು ಎಂದರು.

ನಾನು ಬರುವುದಿಲ್ಲ. ನೀನು ಯಾರಿಗೂ ಹೇಳಬೇಡ, ವೆಂಕಮ್ಮನಿಗಂತೂ ಬೇಡ.

ಬೆಳ್ಳಪ್ಪ


ಸಾಗರ
೨೨-೧-೧೯೮೬

ಬೆಳ್ಳಪ್ಪಣ್ಣ,

ನಿಮ್ಮ ಕಾಗದ ಮ್ಯಾಟಿನಿ ಶೋದ ಹೊತ್ತಿಗೆ ಕೈಗೆ ಬಂತು. ಓದುತ್ತಾ ನಿಂತವನಿಗೆ ರೀಲು ಮುಗಿದದ್ದೇ ತಿಳಿಯಲಿಲ್ಲ. ಪರದೆ ಬೆಳ್ಳಗಾಗಿ ಜನ ಶಿಳ್ಳೆ ಹೊಡೆದು ಬೈದರು. ಬೈಸಿಕೊಂಡೆ.

ನಿಮ್ಮ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ. ನನ್ನ ತಾಯಿ ಸತ್ತಾಗ ಟೆಂಟಿನ ಹಿಂದೆ ನನ್ನನ್ನು ಕೂರಿಸಿಕೊಂಡು ತುತ್ತು ಮಾಡಿ ತಿನ್ನಿಸಿದವರು ಕೆರಿಯಕ್ಕ. ಅವರನ್ನು ಹೊರಲು ನನ್ನ ಹೆಗಲೂ ಇರಬೇಕಿತ್ತು. ಮೂಲೆ ಹರಿಯದೆಯೇ ಒಂದು ಕಾರ್ಡು ಹಾಕಿದ್ದರೆ ಏನಾಗುತ್ತಿತ್ತು? ಸಿಟ್ಟು ಎಂದು ಬರೆಯುತ್ತಾ ಕಣ್ಣಲ್ಲಿ ನೀರು ಬರುತ್ತಿದೆ, ಶಾಯಿ ಕದಡಿದರೆ ಕ್ಷಮಿಸಿ.

ನೀವು ಬರುವುದು ಬೇಡ. ರಾಮಚಂದ್ರಪ್ಪನವರಿಗೆ, ‘ಅವರಿಗೆ ಗಂಟಲು ಹೋಗಿದೆ’ ಎಂದು ಹೇಳಿಬಿಟ್ಟೆ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಅಣ್ಣ, ಅಷ್ಟು ಊರಿನವರಿಗೆ ಅವರು ಬದುಕಿದ್ದಾರೆ ಎಂದಿರಿ. ಅವರ ನಡುವೆ, ಸತ್ತಿದ್ದಾರೆ ಎಂದು ಗೊತ್ತಿರುವವರು ನೀವೊಬ್ಬರೇ ಆದಂತಾಯಿತಲ್ಲ. ಅದು ನನಗೆ ಸರಿ ಕಾಣುವುದಿಲ್ಲ. ಹೇಳಬೇಕು ಅನ್ನಿಸಿತು, ಹೇಳಿದೆ.

ನಿಮ್ಮ,
ಹೂವಯ್ಯ


ನಿಟ್ಟೂರು
೮-೨-೧೯೮೬

ಹೂವಯ್ಯ,

ಹದಿನಾರಕ್ಕೆ ಬರುತ್ತೇನೆ. ಕಥೆ ಹೇಳುತ್ತೇನೆ ಎಂದು ರಾಮಚಂದ್ರಪ್ಪನವರಿಗೆ ತಿಳಿಸು, ಗಂಟಲು ಸರಿಯಾಯಿತು ಎನ್ನು. ನಿನ್ನ ಬುದ್ಧಿಮಾತು ಕೇಳಿ ಬರುವುದು ಎಂದು ಜಂಬ ಪಡಬೇಡ. ನೀನು ಮೇಲಿನ ಕೋಣೆಯ ಕಿಂಡಿಯಿಂದ ನೋಡಿದವನು, ರೀಲು ಬದಲಾಯಿಸುವ ಗಡಿಬಿಡಿ ಬೇರೆ. ಓಡುವವರ ನಡುವೆ ಎಲ್ಲಾದರೂ ಅವಳು ಹಾದು ಹೋಗಿದ್ದರೆ ನಿನಗೆ ಕಾಣದೆ ಇದ್ದೀತು. ನಾನು ಒಮ್ಮೆ ಕಣ್ಣಾರೆ ನೋಡಬೇಕು. ಮೈಕಿನ ವೈರು ಸರಿಯಾಗಿ ಸುತ್ತು, ಹಿಂದೆ ಹೊಡೆದ ಹಾಗೆ ಶಾಕ್ ಹೊಡೆಯದಿರಲಿ.

ಬೆಳ್ಳಪ್ಪ


ಸಾಗರ
೧೮-೨-೧೯೮೬

ಬೆಳ್ಳಪ್ಪಣ್ಣನಿಗೆ ನಮಸ್ಕಾರ.

ಇದು ಎಂಥ ನ್ಯಾಯ? ಚಿತ್ರ ಬಿಡುತ್ತಲೇ ನಾನು ಕೆಳಗೆ ಓಡಿ ಬಂದರೆ ನೀವಿಲ್ಲ. ಹೋಟೆಲಿನಲ್ಲಿ ಇಬ್ಬರಿಗೂ ಊಟ ಹೇಳಿಟ್ಟಿದ್ದೆ. ಬಸ್‌ಸ್ಟ್ಯಾಂಡಿಗೆ ಹೋದೆ, ಹೊಸನಗರದ ಬಸ್ಸು ಹೊರಟು ಹೋಗಿತ್ತು.

ಏನಾಯಿತು ಅಣ್ಣ? ಆ ಕೋಣೆಯಲ್ಲಿ ಮೆಷಿನ್ನಿನ ಸದ್ದಿಗೆ ಕೆಳಗಿನ ಒಂದು ಮಾತೂ ಕೇಳುವುದಿಲ್ಲ ಎಂದು ನಿಮಗೇ ಗೊತ್ತು. ಕಿಂಡಿಯಿಂದ ಕಂಡದ್ದಿಷ್ಟು: ಮೊದಲರ್ಧ ಜನ ನಗುತ್ತಿದ್ದರು, ನನಗೆ ಖುಷಿಯಾಯಿತು, ಬೆಳ್ಳಪ್ಪಣ್ಣ ಗೆದ್ದರು ಎಂದುಕೊಂಡೆ. ಇಂಟರ್ವಲ್ ಆದ ಮೇಲೆ ಒಮ್ಮೆಲೇ ಹೆಂಗಸರ ಕಡೆಯವರೆಲ್ಲ ಎದ್ದು ನಿಂತರು. ಗಲಾಟೆಯಾಯಿತು, ಎದ್ದು ಹೋಗುತ್ತಿದ್ದಾರೆ ಎಂದು ಗಾಬರಿಯಾಗಿ ಸೌಂಡು ಪೂರ್ತಿ ಏರಿಸಿಬಿಟ್ಟೆ. ನೀವು ಟಾರ್ಚು ಎತ್ತಲಿಲ್ಲ, ಇಳಿಸಲೂ ಇಲ್ಲ. ಆಮೇಲೆ ಕೊನೆಯವರೆಗೂ ನೀವು ಮೈಕಿನ ಹತ್ತಿರ ಬರಲೇ ಇಲ್ಲ.

ಕೆಳಗೆ ಗೇಟಿನವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನಿಂದ ತಪ್ಪಾಗಿದ್ದರೆ ಬರೆಯಿರಿ. ಸುಮ್ಮನಿರಬೇಡಿ, ಸುಮ್ಮನಿರುವುದು ನಿಮಗೆ ಒಗ್ಗುವುದಿಲ್ಲ.

ನಿಮ್ಮ,
ಹೂವಯ್ಯ


ನಿಟ್ಟೂರು
೨೭-೨-೧೯೮೬

ಹೂವಯ್ಯನಿಗೆ ಬೆಳ್ಳಪ್ಪನ ಆಶೀರ್ವಾದ.

ಊಟ ಬಿಟ್ಟು ಬಂದದ್ದಕ್ಕೆ ಬೈಯಿ, ಅದು ನನ್ನ ತಪ್ಪು. ಉಳಿದದ್ದನ್ನು ಕೇಳು.

ಶುರುವಿನಲ್ಲಿ ಮೈಕು ಹಿಡಿದು ನಿಂತೆ. ಓಡುವ ಹೆಣಗಳನ್ನು ನೋಡಿ ಏನು ಹೇಳಲಿ? ಪಕ್ಕನೆ ಹೊಳೆಯಿತು. “ಇವ್ರೆಲ್ಲ ಯಾಕೆ ಓಡ್ತಿದಾರೆ ಗೊತ್ತಾ? ಡ್ಯಾಮ್ ಕಟ್ಟಿದಾರೆ, ಊರು ಮುಳುಗಡೆ ಆಗ್ತಾ ಇದೆ. ಬದ್ಕಿರೋರು ಪರಿಹಾರ ತಗೊಂಡು ಹೋದ್ರು. ಸ್ಮಶಾನದಲ್ಲಿರೋರಿಗೆ ಯಾರೂ ಹೇಳೇ ಇಲ್ಲ. ನೀರು ಕುತ್ತಿಗೆಗೆ ಬಂದ್ಮೇಲೆ ಎದ್ದು ಓಡ್ತಿದಾವೆ ಪಾಪ” ಎಂದೆ. ಮುಳುಗಡೆ ಸೀಮೆಯ ಬ್ಯಾಕೋಡಿನ ಕಡೆಯವರು ಒಂದು ಬೆಂಚಿನ ತುಂಬ ಇದ್ದರು, ಹೌದು ಹೌದು ಎಂದು ತಲೆಯಾಡಿಸಿದರು. ಮಿಲಿಟರಿಯವರನ್ನು ಸರ್ವೇ ಆಫೀಸರು ಮಾಡಿದೆ. ಬಾಟಲಿ ಹಿಡಿದ ಗಡ್ಡದವನು ಮಂತ್ರಿ, ಭಾಷಣ ಮುಗಿಸುವುದೇ ಇಲ್ಲ ಎಂದೆ. ನೀನು ಕಂಡ ನಗು ಅದೇ. ನನಗೂ ಹಳೆಯ ಹುಮ್ಮಸ್ಸು ಬಂತು. ಆದರೆ ಬಾಯಿ ಹೇಳುತ್ತಿದ್ದರೂ ಕಣ್ಣು ಹುಡುಕುತ್ತಿತ್ತು. ಪ್ರತಿ ಮೂಲೆ ನೋಡಿದೆ.

ಆಗ, ಈ ಸಲವೂ ಹೊಸನಗರದ ಗುಂಪು ಕಟ್ಟಿಕೊಂಡು ಬಂದಿದ್ದ ವೆಂಕಮ್ಮ ಕೂಗಿದಳು, “ಬೆಳ್ಳಪ್ಪಣ್ಣಾ, ಕೆರಿಯಕ್ಕ ಎಲ್ಲಿ ಮಾರಾಯ್ರೆ? ಅವ್ರ ದನೀನೇ ಇಲ್ಲ!” ನನ್ನ ಬಾಯಿಗೆ ಅಭ್ಯಾಸದ ಮಾತು ಬಂತು, “ಬರ್ತಾಳೆ, ಮುಂದಿನ ರೀಲಿಗೆ ಬರ್ತಾಳೆ.” ಹೆಂಗಸರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಚಪ್ಪಾಳೆಗೆ ನಾನೂ ನಂಬಿಬಿಟ್ಟೆ ಹೂವಯ್ಯ! ಇಂಟರ್ವಲ್ಲಿನಲ್ಲಿ ಚಹಾ ಕುಡಿಯಲೂ ಹೊರಗೆ ಹೋಗದೆ ಪರದೆಯ ಹತ್ತಿರವೇ ನಿಂತಿದ್ದೆ.

ಆಮೇಲಿನ ರೀಲು ಬಂತು. ಅದರ ಮುಂದಿನದೂ ಬಂತು. ಬರೀ ಗುಂಡು, ಬರೀ ಹೊಗೆ. ನೀನು ಬರೆದದ್ದು ನಿಜ, ಆ ಚಿತ್ರ ತೆಗೆದವನಿಗೆ ಅವಳ ನೆನಪೇ ಇಲ್ಲ. ಒಬ್ಬ ಹೆಂಗಸು ಮನೆಯ ಕಿಟಕಿಯ ಹೊರಗೆ ನಿಂತಿದ್ದಳು, ಅವಳು ಆಮೇಲೆ ಏನಾದಳು ಎಂದು ಅವನು ಯೋಚಿಸಲೇ ಇಲ್ಲ. ನನಗೆ ಎಲ್ಲಿಲ್ಲದ ಕೋಪ ಬಂತು. ವೆಂಕಮ್ಮ ಬಿಡುವವಳಲ್ಲ. “ಬರ್ಲಿಲ್ಲಲ್ಲ ಅಣ್ಣಾ? ಬರ್ತಾಳೆ ಅಂದ್ರಿ!” ಎಂದಳು.

“ಬರಲ್ಲ” ಎಂದೆ, ಮೈಕಿನಲ್ಲೇ. “ಅವ್ಳು ಬರಲ್ಲ. ಅವ್ಳು ತೀರ್ಕೊಂಡ್ಲು.”

ಜನ ಘೊಳ್ಳೆಂದು ನಕ್ಕರು. ಯಾರೋ ಗಂಡಸರ ಕಡೆಯಿಂದ, “ಅವ್ಳು ಮೊದ್ಲೇ ಸತ್ತೋಳಲ್ವೇನ್ರೀ” ಅಂದ. ಇನ್ನೂ ಜೋರಾಗಿ ನಕ್ಕರು. ಅವರ ತಪ್ಪಿಲ್ಲ. ನಾನು ನಗಿಸಲು ಹೇಳಿದೆ ಎಂದೇ ಅವರು ತಿಳಿದದ್ದು. ನಗು ಇಳಿಯುವವರೆಗೆ ಕಾದೆ. ಆಮೇಲೆ, “ಸಿನಿಮಾದೋಳಲ್ಲ. ನನ್ನ ಹೆಂಡ್ತಿ, ಕೆರಿಯಮ್ಮ. ಎರಡು ವರ್ಷದ ಹಿಂದೆ” ಎಂದೆ.

ಆಗ ಹೆಂಗಸರೆಲ್ಲ ಎದ್ದು ನಿಂತದ್ದು. ಯಾರೂ ಎದ್ದು ಹೋಗಲಿಲ್ಲ, ಸುಮ್ಮನೆ ನಿಂತರು, ಅಷ್ಟೇ. ನೀನು ಸೌಂಡು ಏರಿಸಿದ್ದು ಆವಾಗಲೇ. ಅಷ್ಟು ಹೊತ್ತೂ ಸರಿಯಾದ ಹೊತ್ತಿಗೆ ಇಳಿಸಿ ಏರಿಸಿದವನು ಅಲ್ಲಿ ತಪ್ಪಿದೆ. ಟಾಕೀಸೇ ಒಡೆದು ಹೋಗುವಂತೆ ಗುಂಡಿನ ಸದ್ದು. ನಾನು ಪರದೆಯ ಬದಿಯ ಕತ್ತಲೆಗೆ ಸರಿದು, ಗೋಡೆಗೆ ಹಣೆ ಹಚ್ಚಿ, ಬಾಯಿ ಬಿಟ್ಟು ಅತ್ತೆ. ಎರಡು ವರ್ಷ ಬಾರದ ಅಳು ಒಟ್ಟಿಗೇ ಬಂತು. ಯಾರಿಗೂ ಕೇಳಲಿಲ್ಲ. ನಿನ್ನಿಂದ ತಪ್ಪಾಯಿತೇ ಎಂದು ಕೇಳಿದ್ದೀಯಲ್ಲ, ಅಂಥ ತಪ್ಪು ಮಾಡಿದ್ದಕ್ಕೆ ನಿನಗೆ ಒಳ್ಳೆಯದಾಗಲಿ.

ಚಿತ್ರ ಬಿಟ್ಟ ಮೇಲೆ ವೆಂಕಮ್ಮ ನನ್ನ ಕೈ ಹಿಡಿದು ಬಸ್ಸಿಗೆ ಹತ್ತಿಸಿದಳು. “ಹ್ಯಾಂಗಾಯ್ತು, ಮೊದ್ಲಿಂದ ಹೇಳಿ” ಎಂದಳು. ಮೊದಲಿಂದ ಹೇಳಿದೆ. ಕಾಡಿಗೆ ಹೋದದ್ದು, ಜ್ವರ ಇಳಿದದ್ದು, ಗಂಜಿ ಕುಡಿದದ್ದು, ಮಾತು ಹೋದದ್ದು. ಕಥೆ ಹೇಳುವುದೇ ನನ್ನ ಕಸುಬು, ಇದೊಂದನ್ನು ಯಾರಿಗೂ ಹೇಳಿರಲಿಲ್ಲ. ಕಂಡಕ್ಟರು ಟಿಕೇಟು ಹರಿಯುವುದು ಬಿಟ್ಟು ನಿಂತಿದ್ದ. ಹೊಸನಗರದಲ್ಲಿ ಇಳಿಯುವಾಗ ಅವರೆಲ್ಲ ಒಬ್ಬೊಬ್ಬರಾಗಿ ನನ್ನ ಭುಜ ಮುಟ್ಟಿ ಹೋದರು. ನಿಟ್ಟೂರಿನ ಬಸ್ಸಿಗೆ ಬದಲಾಯಿಸಿ ಒಬ್ಬನೇ ಕೂತೆ. ಇನ್ನು ಯಾರಾದರೂ ಸಿಕ್ಕಿ ಅವಳು ಹೇಗಿದ್ದಾಳೆ ಎಂದು ಕೇಳುವುದಿಲ್ಲ. ವೆಂಕಮ್ಮನ ಬಾಯಿಗೆ ಬಿದ್ದ ಸುದ್ದಿ ವಾರದೊಳಗೆ ತೀರ್ಥಹಳ್ಳಿ ಮುಟ್ಟುತ್ತದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಬೀಗ ತೆಗೆದು ಒಳಗೆ ಕಾಲಿಟ್ಟವನಿಗೆ ಏನನ್ನಿಸಿತೋ, ಟೆಂಟಿನಲ್ಲಿ ಅವಳ ಸರದಿ ಬಂದಾಗ ಕೂಗುತ್ತಿದ್ದ ಹಾಗೆ, “ಕೆರೀ, ಬಾರೇ, ನಿನ್ನ ಮಾತು ಬಂತು” ಎಂದು ದೊಡ್ಡದಾಗಿ ಕರೆದೆ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಬರಲ್ಲ ಎಂದು ಇಡೀ ಸಾಗರಕ್ಕೆ ಹೇಳಿ ಬಂದವನು ನಾನೇ.

ಇಂತು,
ಬೆಳ್ಳಪ್ಪ